ಕೊಂಕು ಟ್ಯಾಗ್: 12 ವರ್ಷ ಬಳಸಿದ ಮೇಲೆ ಬರೆದ ವಿಮರ್ಶೆ

ಮೊದಲೇ ಅಂಕ ಹೇಳಿಬಿಡುತ್ತೇನೆ. 5ಕ್ಕೆ 4. ಉಳಿದ ಒಂದು ಅಂಕ ಎಲ್ಲಿ ಹೋಯಿತು ಅನ್ನುವುದು ಮುಂದೆ ಬರುತ್ತದೆ, ಅದಕ್ಕೆ ಗಟ್ಟಿ ಕಾರಣವೇ ಇದೆ.

ನಾನಿಲ್ಲಿ ವಿಮರ್ಶೆ ಮಾಡುತ್ತಿರುವುದು ಆ್ಯಪ್ ಅಲ್ಲ, ದುಡ್ಡು ಕೊಟ್ಟು ಕೊಳ್ಳುವ ವಸ್ತುವೂ ಅಲ್ಲ. ಚಾಟ್‌ನಲ್ಲಿ, ಮೇಲ್‌ನಲ್ಲಿ ಮಾತಿನ ಧಾಟಿ ತಿಳಿಸೋಕೆ ಜನ ತಮಾಷೆಗೆ ಹಾಕುತ್ತಾರಲ್ಲ, ಆ ಹುಸಿ ಕೋಡ್ ಟ್ಯಾಗ್. ಹೀಗಿರುತ್ತದೆ:

<ಕೊಂಕು> ಆಹಾ, ಶುಕ್ರವಾರ ಸಂಜೆ ಆರಕ್ಕೆ ಮೀಟಿಂಗ್, ಇದಕ್ಕಿಂತ ಭಾಗ್ಯ ಇನ್ನೇನು ಬೇಕು </ಕೊಂಕು>

ಮುಂದೊಂದು ಟ್ಯಾಗ್, ಹಿಂದೊಂದು ಟ್ಯಾಗ್, ನಡುವೆ ಮಾತು. ವೆಬ್ ಪುಟ ಕಟ್ಟುವವರು ದಿನಾ ಬಳಸುವ ಎಚ್‌ಟಿಎಂಎಲ್‌ನ ಅಣಕು ಇದು. ಇಂಥ ಟ್ಯಾಗ್ ನಿಜವಾಗಿ ಇಲ್ಲವೇ ಇಲ್ಲ. ಯಾವ ಬ್ರೌಸರ್‌ಗೂ ಇದರ ಅರ್ಥ ಗೊತ್ತಿಲ್ಲ. ಓದುವ ಮನುಷ್ಯರಿಗೆ ಮಾತ್ರ ಪಕ್ಕನೆ ತಿಳಿಯುತ್ತದೆ. ನಾನಿದನ್ನು 12 ವರ್ಷದಿಂದ ಬಳಸುತ್ತಿದ್ದೇನೆ. ಸುಮ್ನೆ ಶೋಕಿಗೆ ಅಲ್ಲ, ಬೇಕಾಗಿಯೇ ಬಳಸುತ್ತಿದ್ದೇನೆ.

ಶುರುವಾಗಿದ್ದು ಒಂದು ಕೆಟ್ಟ ಮಧ್ಯಾಹ್ನ. ನಮ್ಮ ತಂಡಕ್ಕೆ ಹೊಸದಾಗಿ ಒಬ್ಬರು ಸೇರಿದ್ದರು. ಎರಡು ವಾರ ಕೂತು ಒಂದು ದೊಡ್ಡ ವರದಿ ತಯಾರು ಮಾಡಿ ತಂಡದ ಚಾಟ್‌ಗೆ ಹಾಕಿದರು. ನಾವೆಲ್ಲ ಮೂರು ತಿಂಗಳಿಂದ ಇವತ್ತು ನಾಳೆ ಅಂತ ಮುಂದಕ್ಕೆ ತಳ್ಳುತ್ತಾ ಬಂದ ಕೆಲಸ ಅದು. ಓದಿ ನನಗೆ ತುಂಬಾ ಖುಷಿಯಾಯಿತು. ಆ ಖುಷಿಯಲ್ಲೇ ಟೈಪ್ ಮಾಡಿದೆ, "ಯಾರು ಹೇಳಿದ್ದು ನಿಮಗೆ ಇಷ್ಟೆಲ್ಲ ಮಾಡೋಕೆ? ಹೀಗಾದರೆ ನಾವೆಲ್ಲ ಗಂಟುಮೂಟೆ ಕಟ್ಟಬೇಕಾಗುತ್ತದೆ." ಎದುರಿಗೆ ನಿಂತು ಹೇಳಿದ್ದರೆ ಇದು ಹೊಗಳಿಕೆ. ನನ್ನ ಮುಖ ನೋಡಿದ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಹತ್ತು ನಿಮಿಷ ಬಿಟ್ಟು ನೋಡಿದರೆ ಅವರು ಹಾಕಿದ ಫೈಲ್ ಇಲ್ಲ, ಅಳಿಸಿದ್ದಾರೆ. ನನಗೊಂದು ಮೆಸೇಜ್ ಬಂದಿತ್ತು. "ಕ್ಷಮಿಸಿ, ನಿಮ್ಮನ್ನೆಲ್ಲ ಕೇಳದೆ ಮಾಡಬಾರದಿತ್ತು."

ಆ ಒಂದು ಸಾಲು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಕೂಡಲೇ ಫೋನ್ ಮಾಡಿದೆ. ನನ್ನ ದನಿ ಕೇಳಿದ ಮೊದಲ ವಾಕ್ಯಕ್ಕೇ ಅವರಿಗೆ ಅರ್ಥವಾಯಿತು. ಅದೇ ಪದಗಳನ್ನು ಮತ್ತೆ ಹೇಳಿದೆ, ಒಂದಕ್ಷರ ಬದಲಿಸಲಿಲ್ಲ. ಈ ಸಲ ಅವರು ನಕ್ಕರು. ಫೈಲ್ ವಾಪಸ್ ಬಂತು. ಮಾರನೇ ದಿನ ತಂಡದ ಹಿರಿಯರೊಬ್ಬರು ನನ್ನ ಅದೇ ಮಾತನ್ನು ಎತ್ತಿಕೊಂಡು, ಮುಂದೆ <ಹೊಗಳಿಕೆ ವೇಷ="ಬೈಗುಳ"> ಅಂತಲೂ ಹಿಂದೆ </ಹೊಗಳಿಕೆ> ಅಂತಲೂ ಸೇರಿಸಿ ಕಳಿಸಿದರು. ಕೆಳಗೆ ಬರೆದಿದ್ದರು, "ಹೀಗೆ ಹಾಕಿದ್ದರೆ ನಿನ್ನೆ ಎಲ್ಲರಿಗೂ ಊಟ ಸೇರುತ್ತಿತ್ತು." ಅವತ್ತಿಂದ ನಾನು ಟ್ಯಾಗ್ ಹಿಡಿದುಕೊಂಡವರಲ್ಲಿ ಒಬ್ಬ ಆದೆ.

ತಪ್ಪು ನನ್ನದೊಬ್ಬನದೇ ಅಲ್ಲ ಅಂತ ತಿಳಿದದ್ದು ಆಮೇಲೆ. 2005ರಲ್ಲಿ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಅನ್ನುವ ಮನೋವಿಜ್ಞಾನಿಗಳು ಮತ್ತು ಜೊತೆಯವರು ಇದನ್ನೇ ಅಳೆದು ನೋಡಿದ್ದಾರೆ. ಒಂದಷ್ಟು ವಾಕ್ಯಗಳನ್ನು ಕೊಟ್ಟರು, ಕೆಲವು ಕೊಂಕು, ಕೆಲವು ನೇರ ಮಾತು. ಕೆಲವರು ಈಮೇಲ್‌ನಲ್ಲಿ ಕಳಿಸಿದರು, ಕೆಲವರು ದನಿಯಲ್ಲಿ ಹೇಳಿದರು. ಕಳಿಸಿದವರು ಸರಾಸರಿ 100ಕ್ಕೆ 78 ಸಲ ಎದುರಿನವರು ಸರಿಯಾಗಿ ಹಿಡಿಯುತ್ತಾರೆ ಅಂದುಕೊಂಡಿದ್ದರು. ದನಿ ಕೇಳಿದವರು 73 ಸಲ ಹಿಡಿದರು. ಈಮೇಲ್ ಓದಿದವರು ಹಿಡಿದದ್ದು ಬರೀ 56. ಕಣ್ಣು ಮುಚ್ಚಿ ಊಹೆ ಮಾಡಿದರೂ 50 ಬರುತ್ತದೆ, ಅಲ್ವಾ? ಅಂದರೆ ಬರಹದಲ್ಲಿ ಕೊಂಕು ದಾಟುವುದು ಹೆಚ್ಚುಕಡಿಮೆ ಅದೃಷ್ಟದ ಮೇಲೆ. ಇಲ್ಲಿ ನನ್ನನ್ನು ತಟ್ಟಿದ್ದು 56 ಅಲ್ಲ, 78. ಬರೆಯುವಾಗ ನಮ್ಮ ದನಿ ನಮ್ಮ ತಲೆಯೊಳಗೆ ಕೇಳುತ್ತಾ ಇರುತ್ತದೆ. ಅದು ಅಕ್ಷರದ ಜೊತೆ ಹೋಗುವುದಿಲ್ಲ ಅನ್ನುವುದು ನಮಗೆ ಗೊತ್ತೇ ಆಗುವುದಿಲ್ಲ. ಎಷ್ಟು ಸಲ ಓದಿ ನೋಡಿ ಕಳಿಸಿದರೂ ಅಷ್ಟೇ, ಓದುವುದು ನಾವೇ ಆದರೆ ಕೇಳುವುದೂ ನಮ್ಮದೇ ದನಿ.

ಕಂಪ್ಯೂಟರ್ ಮೇಲೆ ಮಾತಾಡಲು ಶುರು ಮಾಡಿದ ಹೊಸತರಲ್ಲೇ ಜನ ಈ ಗುಂಡಿಗೆ ಬಿದ್ದಿದ್ದರು. 1982ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ನಡೆದದ್ದು ನೋಡಿ. ಲಿಫ್ಟ್‌ನ ಹಗ್ಗ ಕತ್ತರಿಸಿದರೆ ಒಳಗಿರುವ ಪಾದರಸದ ಹನಿ ಏನಾಗುತ್ತದೆ ಅಂತ ಭೌತಶಾಸ್ತ್ರದ ಹರಟೆ ನಡೆದಿತ್ತು. ಆ ಹರಟೆಯಲ್ಲಿ ಒಬ್ಬರು, ಪ್ರಯೋಗದಿಂದಾಗಿ ಎಡಗಡೆ ಲಿಫ್ಟ್‌ನಲ್ಲಿ ಪಾದರಸ ಚೆಲ್ಲಿದೆ, ಸ್ವಲ್ಪ ಬೆಂಕಿಯೂ ತಾಗಿದೆ ಅಂತ ತಮಾಷೆಗೆ ಎಚ್ಚರಿಕೆ ಬರೆದರು. ಹರಟೆಯ ಹಿಂದುಮುಂದು ಗೊತ್ತಿಲ್ಲದ ಕೆಲವರು ಅದನ್ನು ನಿಜ ಅಂತಲೇ ನಂಬಿದರು. ಆಗ ತಮಾಷೆಗೆ ಒಂದು ಗುರುತು ಇರಬೇಕು ಅಂತ ಚರ್ಚೆ ಎದ್ದಿತು. ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್ಮನ್ ಅನ್ನುವವರು :-) ಬಳಸೋಣ, ತಲೆ ಓರೆ ಮಾಡಿ ಓದಿ ಅಂದರು. ತಮಾಷೆ ಅಲ್ಲದ್ದಕ್ಕೆ :-( ಹಾಕಿದರೂ ಆದೀತು ಅಂದರು. ಆ ಸಂದೇಶದ ಪ್ರತಿ ಎಷ್ಟೋ ವರ್ಷ ಯಾರ ಬಳಿಯೂ ಇರಲಿಲ್ಲ. 2002ರಲ್ಲಿ ಹಳೇ ಬ್ಯಾಕಪ್ ಟೇಪ್‌ಗಳನ್ನು ಜಾಲಾಡಿ ಹುಡುಕಿ ತೆಗೆದರು.

ಕಂಪ್ಯೂಟರ್‌ಗಿಂತ ಮುಂಚೆಯೂ ಇದಕ್ಕಾಗಿ ತಲೆಕೆಡಿಸಿಕೊಂಡವರಿದ್ದರು. 1580ರ ದಶಕದಲ್ಲಿ ಹೆನ್ರಿ ಡೆನ್ಹಮ್ ಅನ್ನುವ ಇಂಗ್ಲೆಂಡಿನ ಮುದ್ರಕ, ಉತ್ತರ ಬೇಡದ ಪ್ರಶ್ನೆಗಳ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯನ್ನು ತಿರುಗಿಸಿ ಹಾಕಿದರು. 1899ರಲ್ಲಿ ಫ್ರಾನ್ಸಿನ ಅಲ್ಕಾಂಟರ್ ದ ಬ್ರಾಮ್ ವ್ಯಂಗ್ಯಕ್ಕೆಂದೇ ಒಂದು ಚಿಹ್ನೆ ಸೂಚಿಸಿದರು. 1966ರಲ್ಲಿ ಅಲ್ಲಿಯವರೇ ಆದ ಎರ್ವೆ ಬಝಾನ್ ಆರು ಚಿಹ್ನೆ ಕೊಟ್ಟರು, ವ್ಯಂಗ್ಯಕ್ಕೊಂದು, ಪ್ರೀತಿಗೊಂದು, ಅನುಮಾನಕ್ಕೊಂದು ಹೀಗೆ. ಯಾವುದೂ ನಿಲ್ಲಲಿಲ್ಲ. 2010ರಲ್ಲಂತೂ ಸಾರ್ಕ್‌ಮಾರ್ಕ್ ಅಂತ ಸುರುಳಿಯಂಥ ಒಂದು ಕೊಂಕು ಚಿಹ್ನೆಯನ್ನು 1.99 ಡಾಲರ್‌ಗೆ ಮಾರಾಟಕ್ಕೇ ಇಟ್ಟರು. ದುಡ್ಡು ಕೊಟ್ಟು ಇಳಿಸಿಕೊಂಡು ಹಾಕಿದರೂ, ಎದುರಿಗಿರುವವರಿಗೆ ಆ ಸುರುಳಿ ಏನು ಅಂತ ಗೊತ್ತಿರಬೇಕಲ್ಲ?

ಟ್ಯಾಗ್ ಗೆಲ್ಲುವುದು ಇಲ್ಲೇ. ಹೊಸ ಚಿಹ್ನೆ ಕಲಿಯಬೇಕಾಗಿಲ್ಲ. ಕೀಬೋರ್ಡ್‌ನಲ್ಲಿ ಇರುವ ಕೀಲಿಗಳೇ ಸಾಕು. ಒಳಗೆ ಇರುವುದು ಪದ. ಕೊಂಕು ಅಂತ ಬರೆದರೆ ಕೊಂಕು ಅಂತಲೇ ಓದುತ್ತಾರೆ. ಎಚ್‌ಟಿಎಂಎಲ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೂ ತಿಳಿಯುತ್ತದೆ, ಇದನ್ನು ನಾನು ಮನೆಯ ಹಿರಿಯರ ಮೇಲೂ ಬಳಸಿ ನೋಡಿದ್ದೇನೆ. ಒಂದು ಸಲವೂ "ಇದೇನಿದು" ಅಂತ ಕೇಳಿಲ್ಲ.

ಇದರ ಬೇರು ಎಲ್ಲಿದೆ ಅನ್ನುವುದನ್ನೂ ಸ್ವಲ್ಪ ಹೇಳಬೇಕು. 1991ರಲ್ಲಿ, ವೆಬ್ ಅನ್ನೇ ಹುಟ್ಟುಹಾಕಿದ ಟಿಮ್ ಬರ್ನರ್ಸ್ ಲೀ ಎಚ್‌ಟಿಎಂಎಲ್‌ನ ಮೊದಲ ಟ್ಯಾಗ್‌ಗಳ ಪಟ್ಟಿ ಹೊರಗೆ ಬಿಟ್ಟಾಗ ಅದರಲ್ಲಿ ಇದ್ದದ್ದು 18. ಇಲ್ಲಿಂದ ತಲೆಬರಹ, ಇಲ್ಲಿಗೆ ಮುಗಿಯಿತು, ಇಲ್ಲಿಂದ ಪಟ್ಟಿ, ಇಲ್ಲಿಗೆ ಮುಗಿಯಿತು, ಅಷ್ಟೇ ಅದರ ಕೆಲಸ. ಅದರ ಜೊತೆ ಒಂದು ಒಳ್ಳೆಯ ನಡವಳಿಕೆಯೂ ಬಂತು. ಗೊತ್ತಿಲ್ಲದ ಟ್ಯಾಗ್ ಎದುರಾದರೆ ಬ್ರೌಸರ್ ಗಲಾಟೆ ಮಾಡುವುದಿಲ್ಲ, ಟ್ಯಾಗ್ ಬಿಟ್ಟು ಒಳಗಿನ ಮಾತನ್ನು ತೋರಿಸಿ ಮುಂದೆ ಹೋಗುತ್ತದೆ. 1998ರಲ್ಲಿ ಬಂದ, ಮಾಹಿತಿ ಜೋಡಿಸಿಡಲು ಬಳಸುವ ಎಕ್ಸ್‌ಎಂಎಲ್ ಅನ್ನುವ ಅಂಥದ್ದೇ ಟ್ಯಾಗ್ ಭಾಷೆಯಲ್ಲಂತೂ ಟ್ಯಾಗ್‌ಗೆ ನೀವೇ ಹೆಸರಿಡಬಹುದು, ಕನ್ನಡದಲ್ಲೇ ಇಡಬಹುದು. ಆದರೆ ಅಲ್ಲಿ ಒಂದು ನಿಯಮ ಬಲು ಕಟ್ಟುನಿಟ್ಟು. ತೆರೆದದ್ದನ್ನು ಮುಚ್ಚಲೇಬೇಕು, ಒಳಗೆ ತೆರೆದದ್ದನ್ನು ಮೊದಲು ಮುಚ್ಚಬೇಕು.

ನನಗೆ ತುಂಬಾ ಇಷ್ಟವಾದ ಸಂಗತಿ ಬೇರೆಯದು. ಇವತ್ತು ಬ್ರೌಸರ್ ಬರೆಯುವವರೆಲ್ಲ ಪಾಲಿಸುವ ಎಚ್‌ಟಿಎಂಎಲ್ ನಿಯಮಾವಳಿ ಇದೆಯಲ್ಲ, ಅದು ಉದ್ದಾನುದ್ದ, ಒಣ ಒಣ. ಯಾವ ಟ್ಯಾಗ್ ಬಂದರೆ ಏನು ಮಾಡಬೇಕು ಅಂತ ಒಂದೊಂದಾಗಿ ಬರೆದಿದ್ದಾರೆ. ಅದರ ನಡುವೆ ಸಾರ್ಕ್ಯಾಸಮ್, ಅಂದರೆ ಇಂಗ್ಲಿಷಿನ ಕೊಂಕು, ಅನ್ನುವ ಮುಕ್ತಾಯ ಟ್ಯಾಗ್ ಬಂದರೆ ಏನು ಮಾಡಬೇಕು ಅಂತಲೂ ಒಂದು ಸಾಲಿದೆ. ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಳ್ಳಿ, ಆಮೇಲೆ ಉಳಿದ ಮುಕ್ತಾಯ ಟ್ಯಾಗ್‌ಗಳ ಹಾಗೇ ನೋಡಿಕೊಳ್ಳಿ, ಇಷ್ಟೇ ಅದರ ತಾತ್ಪರ್ಯ. ಯಂತ್ರ ಉಸಿರೆಳೆಯುವುದಿಲ್ಲ, ಗೊತ್ತು. ಆದರೆ ಆ ಸಾಲು ಬರೆದವರು ಈ ಟ್ಯಾಗ್ ಬಳಸುವ ಜನರನ್ನು ಕಂಡಿದ್ದಾರೆ. ಮೊದಲ ಸಲ ಓದಿದಾಗ ನನಗೆ ಒಂದು ಥರ ಆಯಿತು, ದೊಡ್ಡ ಕಚೇರಿಯ ಕಡತದಲ್ಲಿ ನಮ್ಮ ಮನೆಯವರ ಹೆಸರು ಕಂಡ ಹಾಗೆ. ಗಮನಿಸಿ, ಅವರು ಹೇಳಿದ್ದು ಮುಚ್ಚುವ ಟ್ಯಾಗ್ ಬಗ್ಗೆ. ತೆರೆಯುವ ಟ್ಯಾಗ್‌ಗೆ ಅಂಥ ವಿಶೇಷ ಸಾಲೇನೂ ಇಲ್ಲ.

ನನ್ನ ಅನುಭವವೂ ಅದೇ. ಈ ಟ್ಯಾಗ್‌ನ ಜೀವ ಇರುವುದು ಮುಚ್ಚುವ ಅರ್ಧದಲ್ಲಿ. ಇದನ್ನು ಬೇರೆ ದಾರಿಗಳ ಪಕ್ಕ ಇಟ್ಟು ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ.

ಎಮೋಜಿ ತಗೊಳ್ಳಿ. ಸುಲಭ, ಬೇಗ, ನಾನೂ ದಿನಾ ಹಾಕುತ್ತೇನೆ. ಆದರೆ ಐದು ವಾಕ್ಯ ಬರೆದು ಕೊನೆಗೆ ಒಂದು ನಗುವ ಮುಖ ಹಾಕಿದರೆ, ಐದೂ ತಮಾಷೆಯೋ, ಕೊನೆಯದ್ದು ಮಾತ್ರವೋ? "ನಾಳೆ ರಜೆ ಹಾಕಬೇಡ. ಕೆಲಸ ತುಂಬಾ ಇದೆ. ನೀನಿಲ್ಲದಿದ್ದರೆ ಆಫೀಸೇ ಮುಚ್ಚುತ್ತದೆ." ಇದರ ಕೊನೆಗೆ ಹಲ್ಲು ಕಿರಿದ ಮುಖ. ರಜೆ ಹಾಕಬಹುದಾ, ಬೇಡವಾ? ಇದು ನನಗೇ ಬಂದಿದ್ದ ಮೆಸೇಜ್. ನಾನು ರಜೆ ಹಾಕಲಿಲ್ಲ, ಆಮೇಲೆ ನೋಡಿದರೆ ಕಳಿಸಿದವರು ಪೂರ್ತಿ ತಮಾಷೆಗೆ ಬರೆದಿದ್ದರಂತೆ. ಮೇಲಿಂದ, ಒಂದು ಫೋನಿನಲ್ಲಿ ನಗುವ ಹಾಗೆ ಕಾಣುವ ಮುಖ ಇನ್ನೊಂದು ಫೋನಿನಲ್ಲಿ ಹಲ್ಲು ಕಚ್ಚಿದ ಹಾಗೆ ಕಾಣುವುದೂ ಉಂಟು, ಕಳಿಸಿದವರಿಗೆ ಅದು ಗೊತ್ತೂ ಆಗುವುದಿಲ್ಲ.

ಇನ್ನು /ಎಸ್ ಅನ್ನುವ ಗಿಡ್ಡ ಗುರುತು. ಇದು ನಮ್ಮ ಟ್ಯಾಗ್‌ನದೇ ಕೂಸು. ಸಾರ್ಕ್ಯಾಸಮ್ ಮುಕ್ತಾಯ ಟ್ಯಾಗ್ ಸವೆದು ಸವೆದು ಒಂದು ಸ್ಲ್ಯಾಶ್, ಒಂದು ಅಕ್ಷರ ಉಳಿದಿದೆ. ಅಂದರೆ ಜನ ತೆರೆಯುವ ಅರ್ಧ ಬಿಟ್ಟರು, ಮುಚ್ಚುವ ಅರ್ಧ ಉಳಿಸಿಕೊಂಡರು. ಇದರ ಒಡಹುಟ್ಟುಗಳು ಈಗ ಬೇಕಾದಷ್ಟಿವೆ. ತಮಾಷೆಗೆ /ಜೆ, ನಿಜವಾಗಿ ಹೇಳುತ್ತಿದ್ದೇನೆ ಅನ್ನೋಕೆ /ಎಸ್‌ಆರ್‌ಎಸ್, ಮನಸಾರೆ ಕೇಳುತ್ತಿದ್ದೇನೆ ಅನ್ನೋಕೆ /ಜೆನ್. ಧಾಟಿ ಹಿಡಿಯುವುದು ಕಷ್ಟವಾಗುವ ಆಟಿಸಂ ಇರುವ ಎಷ್ಟೋ ಜನ ಇವನ್ನು ಮೆಚ್ಚಿಕೊಂಡು ಬಳಸುತ್ತಾರೆ. ಅವರಿಗಾಗಿ ಹಾಕುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಗುರುತು ಬರುವುದು ಕೊನೆಗೆ. ಓದುವವರು ಮಾತನ್ನೆಲ್ಲ ನಿಜ ಅಂತ ಓದಿ, ಎದೆ ಧಸಕ್ಕೆಂದ ಮೇಲೆ ಕೊನೆಯಲ್ಲಿ ಸಮಾಧಾನ ಸಿಗುತ್ತದೆ. ಜೊತೆಗೆ ಪಟ್ಟಿ ಬಾಯಿಪಾಠ ಆಗಿರಬೇಕು. ಟ್ಯಾಗ್ ಹಾಗಲ್ಲ. ಬಾಗಿಲಲ್ಲೇ ಹೇಳುತ್ತದೆ, ಒಳಗೆ ತಮಾಷೆ ನಡೆಯುತ್ತಿದೆ ಅಂತ. ಹೊರಗೆ ಹೋಗುವಾಗಲೂ ಹೇಳುತ್ತದೆ, ಇನ್ನು ಮುಂದೆ ನಿಜ ಅಂತ. ಒಂದೇ ಮೆಸೇಜ್‌ನಲ್ಲಿ ಎರಡು ಸಾಲು ಕಾಲೆಳೆದು, ಮೂರನೇ ಸಾಲಲ್ಲಿ ಮುಖ್ಯವಾದ ವಿಷಯ ಹೇಳೋಕೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇದೆಲ್ಲ ಯಾಕೆ, ನಮ್ಮ ಮಾತಿನಲ್ಲೇ ಕೊಂಕಿಗೆ ಬೇಕಾದ ಸರಕು ಇದೆಯಲ್ಲ ಅಂತ ಒಬ್ಬ ಗೆಳೆಯ ವಾದ ಮಾಡುತ್ತಾನೆ. ಇದೆ, ನಿಜ. "ಅವರು ತುಂಬಾ ಬ್ಯುಸಿ" ಅಂದರೆ ಒಂದು, "ಅವರು ತುಂಬಾ ಬ್ಯುಸಿಯಂತೆ" ಅಂದರೆ ಇನ್ನೊಂದು. "ಪಾಪ" ಅನ್ನುವ ಎರಡಕ್ಷರದಲ್ಲಿ ಮರುಕವೂ ಇದೆ, ಮೊಟಕುವುದೂ ಇದೆ. ನೀನು ತಾನು ಅಂತಿದ್ದ ಸ್ನೇಹಿತ ಇದ್ದಕ್ಕಿದ್ದ ಹಾಗೆ "ತಾವು ದಯಮಾಡಿಸಬೇಕು" ಅಂದರೆ ಟ್ಯಾಗ್ ಬೇಕಾಗಿಯೇ ಇಲ್ಲ. ಆದರೆ ಇವೆಲ್ಲ ಕೆಲಸ ಮಾಡುವುದು ಮೊದಲೇ ಪರಿಚಯ ಇದ್ದಲ್ಲಿ. ನೀವು ನನ್ನನ್ನು ನೀನು ಅಂತ ಕರೆಯುತ್ತಿದ್ದಿರಿ ಅನ್ನುವುದು ಗೊತ್ತಿದ್ದರೆ ತಾನೇ ತಾವು ಅಂದಾಗ ನನಗೆ ಅನುಮಾನ ಬರುವುದು? ಹೊಸಬರಿಗೆ ತಾವು ಅಂದರೆ ಅದು ಬರೀ ಮರ್ಯಾದೆ. ಆ ವರದಿ ಬರೆದವರು ತಂಡಕ್ಕೆ ಬಂದು ಮೂರು ವಾರ ಆಗಿರಲಿಲ್ಲ. ನನ್ನ ಮಾತಿನ ರೂಢಿ ಅವರಿಗೆ ಹೇಗೆ ಗೊತ್ತಿರಬೇಕು?

ವಿವರಿಸಿದರೆ ಜೋಕ್ ಸತ್ತುಹೋಗುತ್ತದೆ ಅನ್ನುವ ಇನ್ನೊಂದು ದೂರಿದೆ. ಇದನ್ನು ನಾನು ಒಪ್ಪುವುದಿಲ್ಲ. 2005ರಲ್ಲಿ ನೇಥನ್ ಪೋ ಅನ್ನುವವರು ಆಡಿದ ಒಂದು ಮಾತು ಈಗ ಪೋ ನಿಯಮ ಅಂತಲೇ ಹೆಸರಾಗಿದೆ. ಕಣ್ಣು ಮಿಟುಕಿಸುವ ಗುರುತೋ, ತಮಾಷೆ ಅಂತ ಎದ್ದು ಕಾಣುವ ಇನ್ನೇನೋ ಇಲ್ಲದಿದ್ದರೆ, ಅತಿರೇಕದ ನಂಬಿಕೆಯ ಅಣಕನ್ನು ನಿಜ ಅಂತಲೇ ತಿಳಿಯುವವರು ಇದ್ದೇ ಇರುತ್ತಾರೆ ಅನ್ನುವುದು ಅದರ ಸಾರ. ನಮ್ಮ ಟ್ಯಾಗ್ ವಿವರಣೆಯೂ ಅಲ್ಲ. ಅದು ತಾನೇ ಜೋಕ್‌ನ ಒಂದು ಭಾಗ. ಯಂತ್ರಕ್ಕೆ ಒಂದು ಚೂರೂ ಅರ್ಥವಾಗದ ವಿಷಯವನ್ನು ಯಂತ್ರದ ಭಾಷೆಯಲ್ಲಿ ಹೇಳುವುದರಲ್ಲೇ ನಗು ಇದೆ. ನಮ್ಮ ತಂಡದಲ್ಲಿ <ನಿಟ್ಟುಸಿರು/> ಅಂತ ಒಂಟಿ ಟ್ಯಾಗ್ ಬಂತು. ಅದನ್ನು ಮುಚ್ಚುವ ಹಾಗಿಲ್ಲ, ಎಚ್‌ಟಿಎಂಎಲ್‌ನಲ್ಲಿ ಸಾಲು ಮುರಿಯುವ ಟ್ಯಾಗ್ ಇದೆಯಲ್ಲ, ಹಾಗೆ. ಆಮೇಲೆ <ಭಾಷಣ ಉದ್ದ="ಸ್ವಲ್ಪ ಜಾಸ್ತಿ"> ಬಂತು. ಹೀಗೆ ಮೊದಲೇ ಹೇಳಿ ಶುರು ಮಾಡಿದ ಭಾಷಣವನ್ನು ಜನ ಕೊನೆವರೆಗೂ ಓದುತ್ತಾರೆ. ಮೂಲ ಟ್ಯಾಗ್ ಹುಟ್ಟಿದ್ದೂ ಹೀಗೇ ಇರಬೇಕು, ಹಿಂದೆ ಪ್ರೋಗ್ರಾಮರ್‌ಗಳು ಬೈದಾಡುವ ಮುಂಚೆ ಫ್ಲೇಮ್ ಆನ್, ಮುಗಿದ ಮೇಲೆ ಫ್ಲೇಮ್ ಆಫ್ ಅಂತ ಬರೆಯುತ್ತಿದ್ದರು.

ಈಗ ಆ ಕಳೆದುಹೋದ ಅಂಕ.

ಟ್ಯಾಗ್ ಕೆಲವು ಕಡೆ ಮಾಯವಾಗುತ್ತದೆ. ಇದೇನು ಸಣ್ಣ ದೋಷ ಅಲ್ಲ. ನಾವು ಕೆಲಸದ ಟಿಪ್ಪಣಿ ಬರೆದಿಡುವ ಒಂದು ಜಾಗ ಇತ್ತು. ಅಲ್ಲಿ ಒಮ್ಮೆ ನಾನು ಇಂಗ್ಲಿಷ್ ಅಕ್ಷರದಲ್ಲಿ ಸಾರ್ಕ್ಯಾಸಮ್ ಟ್ಯಾಗ್ ತೆರೆದು, "ಬ್ಯಾಕಪ್ ಯಾಕೆ ಬೇಕು, ನಮ್ಮ ಸರ್ವರ್ ಯಾವತ್ತೂ ಕೆಡುವುದೇ ಇಲ್ಲವಲ್ಲ" ಅಂತ ಬರೆದು, ಟ್ಯಾಗ್ ಮುಚ್ಚಿ ಸೇವ್ ಮಾಡಿದೆ. ತಿರುಗಿ ನೋಡಲಿಲ್ಲ. ಆ ಜಾಗ ಟ್ಯಾಗನ್ನು ನಿಜವಾದ ಎಚ್‌ಟಿಎಂಎಲ್ ಅಂತಲೇ ತಿಳಿಯಿತು. ಇಂಥ ಟ್ಯಾಗ್ ಗೊತ್ತಿಲ್ಲ ಅಂತ ಎರಡನ್ನೂ ಮರೆಮಾಡಿ ಒಳಗಿನ ಮಾತನ್ನು ಮಾತ್ರ ತೋರಿಸಿತು. ಮೇಲೆ ಒಳ್ಳೆಯ ನಡವಳಿಕೆ ಅಂದೆನಲ್ಲ, ಅದೇ ಇಲ್ಲಿ ಮುಳುವಾಯಿತು. ಒಂದು ತಿಂಗಳ ಮೇಲೆ ಇನ್ನೊಂದು ತಂಡದವರು ಕೇಳಿದರು, "ಬ್ಯಾಕಪ್ ಬೇಡ ಅಂತ ನೀವೇ ಬರೆದಿದ್ದೀರಲ್ಲ, ಅದಕ್ಕೇ ನಿಲ್ಲಿಸಿದೆವು." ಪುಣ್ಯಕ್ಕೆ ಏನೂ ಕಳೆದಿರಲಿಲ್ಲ. ಆದರೆ ಆ ತಿಂಗಳಿಡೀ ನನ್ನ ಹೆಸರಿನ ಕೆಳಗೆ ನನ್ನ ಅಭಿಪ್ರಾಯಕ್ಕೆ ಪೂರ್ತಿ ಉಲ್ಟಾ ಮಾತು ಕೂತಿತ್ತು. ಟ್ಯಾಗ್ ಇಲ್ಲದೆ ಬರೆದಿದ್ದರೆ ನಾನು ಹುಷಾರಾಗಿರುತ್ತಿದ್ದೆ. ಟ್ಯಾಗ್ ಇದೆ ಅನ್ನುವ ಧೈರ್ಯದಲ್ಲಿ ಮಾತನ್ನು ಇನ್ನೂ ಖಾರ ಮಾಡಿದ್ದೆ, ಅದೇ ಕೆಟ್ಟದ್ದಾಯಿತು.

ಕನ್ನಡ ಅಕ್ಷರದಲ್ಲಿ ಬರೆದರೆ ಇನ್ನೂ ವಿಚಿತ್ರ. ಆ ಘಟನೆ ಆದ ಮೇಲೆ ಒಂದು ಖಾಲಿ ಫೈಲ್‌ನಲ್ಲಿ ಕನ್ನಡ ಟ್ಯಾಗ್ ಹಾಕಿ ಬ್ರೌಸರ್‌ನಲ್ಲಿ ತೆರೆದು ನೋಡಿದೆ. <ಕೊಂಕು> ಅನ್ನುವುದು ಹಾಗೇ ಕಾಣುತ್ತದೆ. </ಕೊಂಕು> ಮಾತ್ರ ಇಲ್ಲ! ಎರಡು ಸಲ ನೋಡಿದೆ, ನಾನೇ ಬರೆಯಲು ಮರೆತೆನಾ ಅಂತ. ಮರೆತಿರಲಿಲ್ಲ. ನಿಯಮ ಓದಿದ ಮೇಲೆ ಕಾರಣ ಸಿಕ್ಕಿತು. ಎಚ್‌ಟಿಎಂಎಲ್‌ನಲ್ಲಿ ಟ್ಯಾಗ್ ಹೆಸರು ಇಂಗ್ಲಿಷ್ ಅಕ್ಷರದಿಂದಲೇ ಶುರುವಾಗಬೇಕು. ಮೊನೆ ಬ್ರ್ಯಾಕೆಟ್ ಆದ ಮೇಲೆ ಕನ್ನಡ ಅಕ್ಷರ ಬಂದರೆ, ಇದು ಟ್ಯಾಗ್ ಅಲ್ಲ, ಬರೀ ಅಕ್ಷರ ಅಂತ ತೋರಿಸಿಬಿಡುತ್ತದೆ. ಆದರೆ ಬ್ರ್ಯಾಕೆಟ್ ಜೊತೆ ಸ್ಲ್ಯಾಶ್ ಬಂದು ಆಮೇಲೆ ಕನ್ನಡ ಬಂದರೆ, ಅದನ್ನು ಕೆಟ್ಟುಹೋದ ಕಾಮೆಂಟ್, ಅಂದರೆ ಕೋಡ್ ಬರೆಯುವವರು ತಮಗಾಗಿ ಬರೆದುಕೊಳ್ಳುವ, ಪುಟದಲ್ಲಿ ಕಾಣದ ಟಿಪ್ಪಣಿ ಅಂತ ತಿಳಿದು ಮರೆಮಾಡುತ್ತದೆ. ಅಂದರೆ ಕೊಂಕು ಶುರುವಾದದ್ದು ಎಲ್ಲರಿಗೂ ಕಾಣುತ್ತದೆ, ಮುಗಿದದ್ದು ಯಾರಿಗೂ ಕಾಣುವುದಿಲ್ಲ. ನಾನು ಯಾವ ಅರ್ಧ ಮುಖ್ಯ ಅಂತ ಇಷ್ಟು ಹೊತ್ತು ಹೇಳುತ್ತಾ ಬಂದೆನೋ ಅದೇ ಅರ್ಧ ಹೋಗಿರುತ್ತದೆ. ಅದರ ಕೆಳಗೆ ಬರೆದ ಮನಸಾರೆ ಮಾತೆಲ್ಲ ಕೊಂಕು ಅಂತಲೇ ಓದಿಸಿಕೊಳ್ಳುತ್ತದೆ. ಮಾಮೂಲಿ ಚಾಟ್‌ಗಳಲ್ಲಿ ಈ ಕಾಟ ಇಲ್ಲ, ಅಲ್ಲಿ ಬರೆದದ್ದನ್ನು ಬರೆದ ಹಾಗೇ ತೋರಿಸುತ್ತಾರೆ. ಕೋಡ್ ಒಪ್ಪುವ ಜಾಗಗಳಲ್ಲಿ ಮಾತ್ರ ಎಚ್ಚರ ಬೇಕು. /ಎಸ್ ಬದಲು ಎಸ್ ಅನ್ನೇ ಟ್ಯಾಗ್ ಮಾಡಿ ಹಾಕುವವರಿಗೂ ಹೇಳಿಬಿಡುತ್ತೇನೆ, ಎಸ್ ಅನ್ನುವ ನಿಜವಾದ ಟ್ಯಾಗ್ ಎಚ್‌ಟಿಎಂಎಲ್‌ನಲ್ಲಿ ಇದೆ. ಅದು ನಿಮ್ಮ ಮಾತಿನ ಮೇಲೆ ಗೆರೆ ಎಳೆದು ಹೊಡೆದು ಹಾಕುತ್ತದೆ.

ಇನ್ನೊಂದು ತೊಂದರೆ ಟ್ಯಾಗ್‌ನದಲ್ಲ, ಬಳಸುವವರದು, ಹಾಗಾಗಿ ಅಂಕ ಕಳೆದಿಲ್ಲ. ಬಾಯಿಗೆ ಬಂದ ಹಾಗೆ ಬೈದು ಕೊನೆಗೆ </ತಮಾಷೆ> ಅಂತ ಹಾಕುವವರಿದ್ದಾರೆ. ತೆರೆದೇ ಇರಲಿಲ್ಲ, ಮುಚ್ಚುವುದು ಎಲ್ಲಿಂದ ಬಂತು? ಒಬ್ಬರ ಮೈಬಣ್ಣದ ಬಗ್ಗೆ ಹೀಗೆ ಬರೆದವರನ್ನು ನಾನು ಕಂಡಿದ್ದೇನೆ, ಕೇಳಿದರೆ "ಟ್ಯಾಗ್ ಹಾಕಿದ್ದೀನಲ್ಲ" ಅಂದರು. ಟ್ಯಾಗ್ ಧಾಟಿ ಹೇಳುತ್ತದೆ, ಅಷ್ಟೇ. ನೋವಾಗುವ ಮಾತು ಟ್ಯಾಗ್‌ನೊಳಗೆ ಇದ್ದರೂ ನೋವಾಗುತ್ತದೆ.

ಎಲ್ಲಕ್ಕಿಂತ ಜಾಸ್ತಿ ನಾನು ನೆನೆಯುವುದು ಕೊಂಕು ಟ್ಯಾಗ್ ಅನ್ನಲ್ಲ, ಅದರ ತಂಗಿಯಂಥ ಇನ್ನೊಂದನ್ನು. ನಾವು ನಾಲ್ವರು ಹಳೇ ಗೆಳೆಯರ ಗುಂಪಿದೆ. ಅಲ್ಲಿ <ಗೊಣಗಾಟ> ಅಂತ ಒಂದು ಟ್ಯಾಗ್. ಅದು ತೆರೆದಿರುವಷ್ಟು ಹೊತ್ತು ಯಾರೂ ಉಪದೇಶ ಮಾಡುವ ಹಾಗಿಲ್ಲ, ಸುಮ್ನೆ ಕೇಳಬೇಕು. ಮುಚ್ಚಿದ ಮೇಲೆ ಬೇಕಾದರೆ ಸಲಹೆ ಕೊಡಬಹುದು. ಶುರುವಾಗಿದ್ದು ತಮಾಷೆಗೇ, ಟ್ರಾಫಿಕ್, ಬಾಸ್, ಮನೆ ಮಾಲೀಕರು ಇಂಥದ್ದಕ್ಕೆ. ಒಂದು ರಾತ್ರಿ ಗೆಳತಿಯೊಬ್ಬಳು ಟ್ಯಾಗ್ ತೆರೆದು ಹನ್ನೊಂದು ಮೆಸೇಜ್ ಹಾಕಿದಳು. ಅವಳ ಅಮ್ಮನಿಗೆ ಹುಷಾರಿರಲಿಲ್ಲ, ಅಣ್ಣ ತಮ್ಮ ಯಾರೂ ಬರಲಿಲ್ಲ, ಎಲ್ಲ ಇವಳ ತಲೆ ಮೇಲೆ. ಹನ್ನೊಂದನೆಯದು ಅರ್ಧಕ್ಕೇ ನಿಂತಿತ್ತು. ಮುಚ್ಚುವ ಟ್ಯಾಗ್ ಬರಲಿಲ್ಲ.

ಬೆಳಿಗ್ಗೆ ನಾನು ಕೇಳಿದೆ, "ಟ್ಯಾಗ್ ತೆರೆದೇ ಇದೆಯಾ?" "ಹೂಂ" ಅಂದಳು. ಅಷ್ಟೇ. ಹೇಗಿದ್ದೀಯಾ ಅಂತ ಕೇಳಿದ್ದರೆ "ಪರವಾಗಿಲ್ಲ" ಅಂತಿದ್ದಳು ಅನ್ನಿಸುತ್ತದೆ, ಎಲ್ಲರೂ ಹಾಗೇ ಅಲ್ವಾ ಅನ್ನುವುದು. ಮೂರು ವಾರ ಅದು ತೆರೆದೇ ಇತ್ತು. ನಡುವೆ ಸರದಿ ಮೇಲೆ ಒಬ್ಬೊಬ್ಬರು ಆಸ್ಪತ್ರೆಗೆ ಹೋಗಿ ಕೂತು ಬಂದೆವು, ಯಾರೂ ಹೀಗೆ ಮಾಡು ಹಾಗೆ ಮಾಡು ಅನ್ನಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ನಾನು ಕೆಲಸದಲ್ಲಿದ್ದಾಗ ಫೋನ್ ಮಿಣುಕಿತು. ಗುಂಪಿನಲ್ಲಿ ಅವಳದೊಂದೇ ಸಾಲು. </ಗೊಣಗಾಟ>

ಹಿಂದೆ ಮುಂದೆ ಒಂದು ಪದ ಇರಲಿಲ್ಲ. ಅಮ್ಮನನ್ನು ಮನೆಗೆ ಕರೆದುಕೊಂಡು ಬಂದಿದ್ದಾಳೆ ಅಂತ ನಮಗೆ ಅಷ್ಟರಲ್ಲೇ ಗೊತ್ತಾಯಿತು.

ಬಳಸಿ ನೋಡುವವರಿಗೆ ನನ್ನ ಕಡೆಯಿಂದ ಎರಡು ಮಾತು. ಚಾಟ್‌ನಲ್ಲಾದರೆ ಮೊನೆ ಬ್ರ್ಯಾಕೆಟ್ ಧಾರಾಳವಾಗಿ ಹಾಕಿ. ಮೇಲ್, ಟಿಪ್ಪಣಿ, ಆಫೀಸಿನ ಕಡತ ಇಂಥ ಕಡೆ ಚೌಕ ಬ್ರ್ಯಾಕೆಟ್ ಹಾಕಿ, [ಕೊಂಕು] ಅಂತ ತೆರೆದು [/ಕೊಂಕು] ಅಂತ ಮುಚ್ಚಿ, ಅದನ್ನು ಬ್ರೌಸರ್ ಮುಟ್ಟುವುದಿಲ್ಲ. ಹೊಸ ಜಾಗವಾದರೆ ಮೊದಲು ನಿಮಗೇ ಒಂದು ಕಳಿಸಿಕೊಂಡು, ಮುಚ್ಚುವ ಟ್ಯಾಗ್ ಕಾಣುತ್ತಿದೆಯಾ ನೋಡಿಕೊಳ್ಳಿ. ಬ್ಯಾಕಪ್ ಬಗ್ಗೆ ಮಾತ್ರ ಟ್ಯಾಗ್ ಹಾಕಿಯೂ ಕೊಂಕು ಬರೆಯಬೇಡಿ.